ಕ್ಷುದ್ರಗ್ರಹದ ಜಾತಕ ಓದುವುದು ಹೇಗೆ?

'ಭೂಮಿಯತ್ತ ನುಗ್ಗಿ ಬರ್ತಿದೆ ಭಾರೀ ಬಂಡೆ' ಅಂತ ಟಿವಿಯವರು ಅರಚಿದಾಗ ಸುಮ್ನೆ ಗಾಬರಿಯಾಗಬೇಡಿ. ಆ ಬಂಡೆಯ ಹೆಸರು ಬರೆದಿಟ್ಟುಕೊಳ್ಳಿ. ನಾಸಾದ ಜೆಪಿಎಲ್ ಪ್ರಯೋಗಾಲಯ ಅಂತರ್ಜಾಲದಲ್ಲಿ ನಡೆಸುವ ಸ್ಮಾಲ್ ಬಾಡಿ ಡೇಟಾಬೇಸ್‌ನಲ್ಲಿ ಆ ಹೆಸರು ಹಾಕಿದರೆ ಜಾತಕ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಅದೂ ಪುಕ್ಕಟೆ. ಓದಲು ಗೊತ್ತಿರಬೇಕು ಅಷ್ಟೇ. ಕಲಿಯಲು ಅಪೋಫಿಸ್ ಎಂಬ ಕ್ಷುದ್ರಗ್ರಹ ತೆಗೆದುಕೊಳ್ಳೋಣ.

ಮೊದಲು ಹಳೆಯ ಹೆಸರು ನೋಡಿ: 2004 ಎಂಎನ್4. ವರ್ಷ ಗೊತ್ತಾಯಿತು. ಪ್ರತಿ ತಿಂಗಳನ್ನೂ ಎರಡು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತಾರೆ. ಜನವರಿಯ ಮೊದಲ ಪಾಲು ಎ, ಎರಡನೆಯದು ಬಿ, ಹೀಗೆ. ಐ ಅಕ್ಷರವನ್ನು ಬಿಟ್ಟುಬಿಡಬೇಕು. ಎಣಿಸುತ್ತಾ ಹೋದರೆ ಎಂ ಅಂದರೆ ಜೂನ್ ಎರಡನೇ ಪಾಲು. ಸರಿಯಾಗಿಯೇ ಇದೆ, ಟಕರ್, ಥೋಲನ್, ಬರ್ನಾರ್ಡಿ ಎಂಬ ಮೂವರು ಅರಿಜೋನಾದ ವೀಕ್ಷಣಾಲಯ ಕಿಟ್ ಪೀಕ್‌ನಿಂದ ಇದನ್ನು ಕಂಡಿದ್ದು ಜೂನ್ 19ಕ್ಕೆ. ಎರಡನೇ ಅಕ್ಷರ ಆ ಪಾಲಿನೊಳಗಿನ ಸರದಿ. ಐ ಬಿಟ್ಟರೆ 25 ಅಕ್ಷರ, ಎನ್ 13ನೆಯದು. ಕೊನೆಯ 4 ಅಂದರೆ ನಾಲ್ಕು ಸುತ್ತು ಆಗಲೇ ಮುಗಿದಿದೆ ಅಂತ. ನಾಲ್ಕು ಇಪ್ಪತ್ತೈದಲೆ ನೂರು, ಅದಕ್ಕೆ 13 ಸೇರಿಸಿ, 113ನೆಯದು. ಈಗ ಹೆಸರಿನ ಮುಂದೆ ಕಾಣುವ 99942, ಕಕ್ಷೆ ಖಚಿತವಾದ ಮೇಲೆ ಕೊಟ್ಟ ಕಾಯಂ ನಂಬರ್.

ಕಕ್ಷೆಯ ಪಟ್ಟಿಯಲ್ಲಿ ಅಂಕಿಗಳು ಜಾಸ್ತಿ ಇರುತ್ತವೆ, ನಮಗೆ ಎರಡು ಸಾಕು. ಎ, ಅಂದರೆ ಸೂರ್ಯನಿಂದ ಸರಾಸರಿ ದೂರ, 0.922. ಇಲ್ಲಿ 1 ಅಂದರೆ ಭೂಮಿ-ಸೂರ್ಯರ ನಡುವಿನ ಸುಮಾರು 15 ಕೋಟಿ ಕಿ.ಮೀ. ಇ, ಅಂದರೆ ಕಕ್ಷೆ ಎಷ್ಟು ಉದ್ದುದ್ದ ಎಳೆದಂತಿದೆ ಅನ್ನುವುದು, 0.191. ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. 0.922ರ ವರ್ಗಮೂಲವನ್ನು 0.922ರಿಂದಲೇ ಗುಣಿಸಿದರೆ 0.885 ವರ್ಷ, ಹೆಚ್ಚುಕಡಿಮೆ 323 ದಿನ. ಒಂದು ಸುತ್ತಿಗೆ ಅಷ್ಟು ಕಾಲ. ಕೆಪ್ಲರ್ ಕಂಡುಹಿಡಿದ ಲೆಕ್ಕ ಇದು, ಈಗಲೂ ಕೈಕೊಡುವುದಿಲ್ಲ! ಇನ್ನು 1ಕ್ಕೆ ಇ ಸೇರಿಸಿ, 0.922ನ್ನು ಆ 1.191ರಿಂದ ಗುಣಿಸಿ: 1.098. ಅತಿ ದೂರ ಹೋದಾಗ ಅದು ಭೂಮಿಯ ಹಾದಿಯಿಂದಾಚೆಗೂ ಹೋಗುತ್ತದೆ.

ಈಗ ವರ್ಗ ಹೇಳಬಹುದು. ಎ 1ಕ್ಕಿಂತ ಕಡಿಮೆ, ಆದರೂ ಭೂಮಿಯ ಹಾದಿ ದಾಟುತ್ತದೆ ಅಂದರೆ ಏಟನ್. ಎ 1ಕ್ಕಿಂತ ಜಾಸ್ತಿಯಿದ್ದು ದಾಟಿದರೆ ಅಪೋಲೊ. ಹೊರಗಿನಿಂದ ಹತ್ತಿರ ಬಂದರೂ ದಾಟದಿದ್ದರೆ ಅಮೋರ್, ಒಳಗೇ ಸುತ್ತುತ್ತಿದ್ದರೆ ಅಟೀರಾ. ಅಪೋಫಿಸ್ ಏಟನ್. ಆದರೆ ಇದು ಹಣೆಬರಹವೇನಲ್ಲ. 2029ರ ಏಪ್ರಿಲ್‌ನಲ್ಲಿ, ನಮ್ಮ ಗಡಿಯಾರದಂತೆ 14ರ ನಸುಕಿನಲ್ಲಿ, ಅದು ಭೂಮಿಯಿಂದ ಸುಮಾರು 32,000 ಕಿ.ಮೀ. ಮೇಲೆ ಹಾದುಹೋಗುತ್ತದೆ. ನಮ್ಮ ಟಿವಿ ಉಪಗ್ರಹಗಳಿರುವುದೇ 36,000 ಕಿ.ಮೀ. ಎತ್ತರದಲ್ಲಿ! ಭೂಮಿಯ ಸೆಳೆತಕ್ಕೆ ಕಕ್ಷೆ ಹಿಗ್ಗಿ, ಏಟನ್ ಆಗಿದ್ದದ್ದು ಅಪೋಲೊ ಆಗುತ್ತದೆ.

'ಅಪಾಯಕಾರಿ' ಅನ್ನುವ ಪಟ್ಟ ನೋಡಿ ಹೆದರಬೇಡಿ. ಅದರ ಕಕ್ಷೆ ಭೂಮಿಯ ಕಕ್ಷೆಗೆ 0.05ಕ್ಕಿಂತ, ಅಂದರೆ 75 ಲಕ್ಷ ಕಿ.ಮೀ.ಗಿಂತ ಹತ್ತಿರ ಬಂದು, ಬಂಡೆ ಸುಮಾರು 140 ಮೀಟರ್ ದಾಟಿದ್ದರೆ ಆ ಪಟ್ಟ ಸಿಗುತ್ತದೆ, ಬಡಿಯುತ್ತದೆ ಅಂತ ಅರ್ಥವಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬೇರೆ: ಎಷ್ಟು ಕಾಲದಿಂದ ಅದನ್ನು ಗಮನಿಸಿದ್ದಾರೆ ಅನ್ನುವುದು. ಅಪೋಫಿಸ್ ಜೂನ್‌ನಲ್ಲಿ ಎರಡು ರಾತ್ರಿ ಕಂಡು ಕೈತಪ್ಪಿತ್ತು, ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದಿಂದ ಮತ್ತೆ ಸಿಕ್ಕಿತು. ಅಷ್ಟು ಕಮ್ಮಿ ಮಾಹಿತಿಯಲ್ಲಿ ಲೆಕ್ಕ ಹಾಕಿದಾಗ 2029ರಲ್ಲಿ ಬಡಿಯುವ ಸಾಧ್ಯತೆ ಶೇ. 2.7ರವರೆಗೂ ಏರಿತ್ತು. ಅದೇ 2004ರ ಮಾರ್ಚ್‌ನ ಹಳೆ ಚಿತ್ರಗಳಲ್ಲೂ ಅದು ಸಿಕ್ಕ ಕೂಡಲೇ ಆ ಭಯ ಹೋಯಿತು. 2021ರ ರೇಡಾರ್ ಅಳತೆಯ ನಂತರ ಇನ್ನು ನೂರು ವರ್ಷ ತಾಪತ್ರಯವಿಲ್ಲ ಅಂತ ನಾಸಾ ಹೇಳಿದೆ.

ಅಭ್ಯಾಸಕ್ಕೆ ನಮ್ಮದೇ ಒಂದು ಇದೆ: 4130 ರಾಮಾನುಜನ್. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಆರ್. ರಾಜಮೋಹನ್ ತಮಿಳುನಾಡಿನ ಕಾವಲೂರಿನಿಂದ ಪತ್ತೆ ಹಚ್ಚಿದ್ದು. ಹಳೆಯ ಹೆಸರು 1988 ಡಿಕ್ಯೂ1. ಫೆಬ್ರವರಿಯ ಎರಡನೇ ಪಾಲಿನ 41ನೆಯದು ಅಂತ ಬಂದರೆ ನಿಮ್ಮ ಲೆಕ್ಕ ಸರಿ. ಮೇಲಿನ ನಾಲ್ಕು ವರ್ಗಗಳಲ್ಲಿ ಯಾವುದಕ್ಕಾದರೂ ಇದು ಸೇರುತ್ತದೆಯೇ ಅಂತ ಎ ಮತ್ತು ಇ ನೋಡಿ ನೀವೇ ಹೇಳಿ.