ಹಿಟ್ ಪಾಯಿಂಟ್ ನೋಡದೆ ಕ್ಲಾಸ್ ಆರಿಸಿದೆ: ಮುಂದಿನ ಸಾಲಿನಲ್ಲಿ ನಿಂತ ನನ್ನ ವಿಝಾರ್ಡ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎನ್ನುವ, ಪಾತ್ರ ವಹಿಸಿ ದಾಳ ಹಾಕಿ ಆಡುವ ಆಟದಲ್ಲಿ, ಐದನೇ ಲೆವೆಲ್‌ನಲ್ಲಿ ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 14 ಇರುವ ವಿಝಾರ್ಡ್‌ಗೆ, ಅಂದರೆ ಮಂತ್ರವಾದಿಗೆ, 32 ಹಿಟ್ ಪಾಯಿಂಟ್ (ಏಟು ತಡೆಯುವ ಅಂಶ; ಸೊನ್ನೆಯಾದರೆ ಪಾತ್ರ ಬೀಳುತ್ತದೆ). ಅಷ್ಟೇ ಕಾನ್‌ಸ್ಟಿಟ್ಯೂಷನ್ ಇರುವ ಫೈಟರ್‌ಗೆ, ಅಂದರೆ ಯೋಧನಿಗೆ, 44. ಅಂತರ 12. ಓಗರ್ ಎನ್ನುವ ದೈತ್ಯ ತನ್ನ ದೊಣ್ಣೆಯನ್ನು ಒಮ್ಮೆ ಬೀಸಿದರೆ ಸರಾಸರಿ 13 ಹೋಗುತ್ತದೆ. ಕ್ಲಾಸ್ (ಪಾತ್ರದ ವರ್ಗ) ಆರಿಸುವಾಗ ನಾವು ಅಷ್ಟೊಂದು ತಲೆ ಕೆಡಿಸಿಕೊಳ್ಳುವ ಅಂತರದ ಬೆಲೆ ಒಂದೇ ಒಂದು ಏಟು. ಇದನ್ನು ನಮ್ಮ ಮೈಸೂರಿನ ಗುಂಪಿನಲ್ಲಿ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೆ, ಯಾರೂ ಕಿವಿಗೊಟ್ಟಿರಲಿಲ್ಲ. ಈಚೆಗೆ ಮುಗಿದ ಕ್ಯಾಂಪೇನ್‌ನಲ್ಲಿ (ಹಲವು ದಿನ ಮುಂದುವರಿಸಿ ಆಡುವ ಕಥೆ) ವಿಝಾರ್ಡ್‌ನನ್ನೇ ಮುಂದಿನ ಸಾಲಿನಲ್ಲಿ ನಿಲ್ಲಿಸಿ ಒಂಬತ್ತನೇ ಲೆವೆಲ್‌ವರೆಗೆ ಜೀವಂತವಾಗಿ ತಂದಿದ್ದೇನೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಕೊನೆಯ ಪ್ಯಾರಾ ಬಿಟ್ಟರೆ ಇಲ್ಲಿರುವ ಲೆಕ್ಕವೆಲ್ಲ ಆಟದ ಐದನೇ ಆವೃತ್ತಿಯ 2014ರ ನಿಯಮಗಳದ್ದು.

ಮೊದಲು ಬಾರ್ಬೇರಿಯನ್ (ಆವೇಶದಿಂದ ಕಾದುವ ಯೋಧ) ವಿಷಯ. "ಹನ್ನೆರಡು ಮುಖದ ದಾಳ ಇರುವವನೇ ಮುಂದೆ ನಿಲ್ಲಬೇಕು" ಎನ್ನುವುದು ನಮ್ಮ ಗುಂಪಿನಲ್ಲಿ ವೇದವಾಕ್ಯ; ಹಿಟ್ ಪಾಯಿಂಟ್ ಬರುವುದು ಕ್ಲಾಸ್‌ನ ದಾಳದಿಂದ, ಬಾರ್ಬೇರಿಯನ್‌ನ ದಾಳವೇ ಎಲ್ಲಕ್ಕಿಂತ ದೊಡ್ಡದು. ನಾನೂ ಅದನ್ನು ಆಡಿ ನೋಡಿದವನೇ. ಕಾನ್‌ಸ್ಟಿಟ್ಯೂಷನ್ 16, ಐದನೇ ಲೆವೆಲ್‌ನಲ್ಲಿ 55 ಹಿಟ್ ಪಾಯಿಂಟ್. ಆದರೆ ಯಾರು ಎಷ್ಟು ಸಲ ಸೊನ್ನೆಗೆ ಇಳಿದರು ಎಂದು ನಾನು ನೋಟ್‌ಬುಕ್‌ನಲ್ಲಿ ಗೀಟು ಹಾಕುತ್ತಿದ್ದೆ. ಅದರಲ್ಲಿ ಅತಿ ಹೆಚ್ಚು ಗೀಟು ಬಿದ್ದದ್ದು ಬಾರ್ಬೇರಿಯನ್ ಹೆಸರಿನ ಮುಂದೆ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ರೆಕ್‌ಲೆಸ್ ಆಗಿ (ತನ್ನ ರಕ್ಷಣೆ ಲೆಕ್ಕಿಸದೆ) ಹೊಡೆದ ಪ್ರತಿ ಸುತ್ತಿನಲ್ಲೂ ಎದುರಾಳಿಗೆ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ, ಸಿಗುತ್ತದೆ. ಆರ್ಮರ್ ಕ್ಲಾಸ್ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕ) 15ರ ಮೇಲೆ ಓಗರ್‌ನ ಏಟು ಬೀಳುವ ಸಾಧ್ಯತೆ ನೂರಕ್ಕೆ 60 ಇದ್ದದ್ದು 84ಕ್ಕೆ ಏರುತ್ತದೆ. ರೇಜ್ (ಆವೇಶ) ಇದ್ದಾಗ ನಷ್ಟ ಅರ್ಧವಾಗುತ್ತದೆ, ನಿಜ. ಆದರೆ ದಿನಕ್ಕೆ ಮೂರೇ ರೇಜ್, ನಮ್ಮ ಡಿಎಂ (ಆಟ ನಡೆಸುವವರು) ನಾಲ್ಕನೇ ಕಾಳಗವಿಲ್ಲದೆ ದಿನ ಮುಗಿಸುವವರಲ್ಲ. ಬೆಂಕಿಯುಂಡೆ ಬಂದರಂತೂ ರೇಜ್‌ನಿಂದ ಪ್ರಯೋಜನವೇ ಇಲ್ಲ. ಸೇವ್ (ಪಾರಾಗಲು ಹಾಕುವ ದಾಳ) ತಪ್ಪಿದರೆ ಸರಾಸರಿ 28 ಒಟ್ಟಿಗೆ ಹೋಗುತ್ತದೆ. ಮನೆ ಮೇಲೆ ಎಷ್ಟು ದೊಡ್ಡ ಟ್ಯಾಂಕ್ ಇಟ್ಟರೂ ಕೆಳಗಿನ ಪೈಪು ಸೋರುತ್ತಿದ್ದರೆ ಸಂಜೆಗೆ ನೀರಿರುವುದಿಲ್ಲ.

ಇನ್ನು ವಿಝಾರ್ಡ್. ನನ್ನ ಮೊದಲ ವಿಝಾರ್ಡ್ ಒಂದನೇ ಲೆವೆಲ್‌ನಲ್ಲೇ ಸತ್ತ. ಪೊದೆಯ ಹಿಂದಿನಿಂದ ಬಗ್‌ಬೇರ್ ಎನ್ನುವ ರಾಕ್ಷಸಜೀವಿ ಎರಗಿತು. ಮಾರ್ನಿಂಗ್‌ಸ್ಟಾರ್ ಎನ್ನುವ ಮುಳ್ಳುಗದೆಗೆ ಎರಡು ಡಿ8 (ಎಂಟು ಮುಖದ ದಾಳ), ಮೇಲೆ 2, ಅನಿರೀಕ್ಷಿತ ದಾಳಿಗೆ ಇನ್ನೆರಡು ಡಿ6. ಎಲ್ಲ ಸೇರಿ 18. ನನ್ನ ಬಳಿ ಇದ್ದದ್ದು 8. ಉಳಿದ 10 ಪೂರ್ಣ ಹಿಟ್ ಪಾಯಿಂಟ್‌ಗಿಂತ ಹೆಚ್ಚಾದ್ದರಿಂದ ಡೆತ್ ಸೇವ್ (ಬಿದ್ದ ಮೇಲೆ ಬದುಕಲು ಹಾಕುವ ದಾಳ) ಹಾಕುವ ಅವಕಾಶವೂ ಇರಲಿಲ್ಲ. ಅದೇ ಜಾಗದಲ್ಲಿ 12 ಇರುವ ಫೈಟರ್ ನಿಂತಿದ್ದರೆ ಬೀಳುತ್ತಿದ್ದ, ಸಾಯುತ್ತಿರಲಿಲ್ಲ. ಗೆಳೆಯರು ಇದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಮಾತನಾಡಿದರು. ನಾನು ಹೇಳುವುದಿಷ್ಟೇ: ಒಂದನೇ ಲೆವೆಲ್‌ನಲ್ಲಿ ಹಿಟ್ ಪಾಯಿಂಟ್ ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಒಂದೇ ಮಧ್ಯಾಹ್ನದಲ್ಲಿ ಮುಗಿಯುವ, ಒಂದನೇ ಲೆವೆಲ್‌ನ ಆಟವಾದರೆ ಫೈಟರ್ ಅಥವಾ ಕ್ಲೆರಿಕ್ (ಪುರೋಹಿತ) ಆಗಿಬಿಡಿ. ತಪ್ಪಾಗುವುದು ಆ ಲೆಕ್ಕವನ್ನೇ ಐದನೇ ಲೆವೆಲ್‌ಗೂ ಹೊತ್ತುಕೊಂಡು ಹೋಗುವುದರಲ್ಲಿ.

ನನಗೆ ಬೇಕಾಗಿದ್ದದ್ದು ಅಬ್ಜ್ಯುರೇಷನ್ (ರಕ್ಷಣಾ ಮಂತ್ರಗಳ) ಶಾಖೆಯ ವಿಝಾರ್ಡ್. ಖರ್ಚು ಶುರುವಾದದ್ದೂ ಅಲ್ಲಿಂದಲೇ. ಉಚಿತವಾಗಿ ಸಿಗುವ ನಿಯಮಗಳಲ್ಲಿ ವಿಝಾರ್ಡ್‌ಗೆ ಎವೋಕೇಷನ್ (ಬೆಂಕಿ, ಮಿಂಚಿನಂಥ ಮಂತ್ರಗಳ) ಶಾಖೆ ಒಂದನ್ನೇ ಕೊಟ್ಟಿದ್ದಾರೆ. ಅಬ್ಜ್ಯುರೇಷನ್ ಬೇಕೆಂದರೆ ಪ್ಲೇಯರ್ಸ್ ಹ್ಯಾಂಡ್‌ಬುಕ್ ಕೊಳ್ಳಲೇಬೇಕು. ಮೂರು ಸಾವಿರದ ಆಸುಪಾಸು ಕೊಟ್ಟ ನೆನಪು. ಅದಕ್ಕೂ ಮುಂಚೆ ಲೋಹದ ದಾಳಗಳಿಗೆ ಎರಡು ಸಾವಿರ ಹಾಕಿದ್ದೆ. ನೋಡಲು ಚೆನ್ನ, ಆದರೆ ಮೇಜಿನ ಪಾಲಿಶ್ ಎದ್ದುಬಂದು ಗೆಳೆಯನ ತಾಯಿಯವರಿಂದ ಮಾತು ಕೇಳಬೇಕಾಯಿತು. ಬೆಂಗಳೂರಿನ ಒಂದು ಕೆಫೆಯಲ್ಲಿ ಕೆಲವು ಕಾಲ ಆಡಿದೆವು. ಮೇಜಿಗೆ ತಲೆಗೆ ಇಷ್ಟೆಂದು ಕೊಟ್ಟು, ರೈಲಿನ ಟಿಕೆಟ್ಟೂ ಸೇರಿ, ತಿಂಗಳಿಗೆ ಸಾವಿರ ದಾಟುತ್ತಿತ್ತು. ಪುಸ್ತಕಕ್ಕೆ ಹಾಕಿದ ಹಣ ಮಾತ್ರ ಪೂರ್ತಿ ವಸೂಲಾಯಿತು.

ಎರಡನೇ ಲೆವೆಲ್‌ನಲ್ಲಿ ಆರ್ಕೇನ್ ವಾರ್ಡ್, ಅಂದರೆ ಏಟನ್ನು ನನ್ನ ಬದಲು ತಾನು ನುಂಗುವ ಮಂತ್ರಕವಚ, ಸಿಗುತ್ತದೆ. ಅದರ ಅಂಶ ವಿಝಾರ್ಡ್ ಲೆವೆಲ್‌ನ ಎರಡರಷ್ಟು, ಜೊತೆಗೆ ಇಂಟೆಲಿಜೆನ್ಸ್ ಮಾಡಿಫೈಯರ್ (ಬುದ್ಧಿಯ ಅಂಕದಿಂದ ಬರುವ ಕೂಡಿಕೆ). ಐದನೇ ಲೆವೆಲ್‌ನಲ್ಲಿ ನನ್ನದು 14. 32ಕ್ಕೆ 14 ಸೇರಿಸಿದರೆ 46, ಅಂದರೆ ಆ 44ರ ಫೈಟರ್‌ಗಿಂತ ಎರಡು ಹೆಚ್ಚು. ಬೆಳಗ್ಗೆ ಎದ್ದೊಡನೆ ಮೇಜ್ ಆರ್ಮರ್ ಎನ್ನುವ ರಕ್ಷಣಾ ಮಂತ್ರ ಹಾಕಿದರೆ ವಾರ್ಡ್ ತಾನಾಗಿ ಏಳುತ್ತದೆ, ಡೆಕ್ಸ್‌ಟೆರಿಟಿ (ಚುರುಕುತನ) 14ರಲ್ಲಿ ಆರ್ಮರ್ ಕ್ಲಾಸ್ 15 ಆಗುತ್ತದೆ.

ಸೇತುವೆಯ ಕಾಳಗವನ್ನು ಹೇಳಲೇಬೇಕು. ಇಬ್ಬರು ಅಕ್ಕಪಕ್ಕ ನಿಲ್ಲುವಷ್ಟೂ ಅಗಲವಿಲ್ಲದ ಕಲ್ಲಿನ ಸೇತುವೆ, ಆಚೆ ಬದಿಯಿಂದ ಎರಡು ಓಗರ್. ನಾನೇ ಮುಂದೆ ಹೋಗುತ್ತೇನೆ ಎಂದಾಗ ಕ್ಲೆರಿಕ್ ಆಡುವವರು, "ಹೋಗಿ ಸಾರ್, ಹೆಣ ಹೊರಲು ನಾವಿದ್ದೇವೆ" ಎಂದರು. ಮೊದಲ ಓಗರ್‌ನ ದಾಳ 11, ಅದರ 6 ಸೇರಿಸಿ 17. ಬಿತ್ತು. ರಿಯಾಕ್ಷನ್‌ನಲ್ಲಿ (ಎದುರಾಳಿಯ ಸರದಿಯಲ್ಲೇ ಮಾಡುವ ಪ್ರತಿಕ್ರಿಯೆ) ಶೀಲ್ಡ್ ಮಂತ್ರ ಹಾಕಿದೆ. ಆರ್ಮರ್ ಕ್ಲಾಸ್ 20, ಏಟು ತಪ್ಪಿತು. ಶೀಲ್ಡ್ ನನ್ನ ಮುಂದಿನ ಸರದಿಯವರೆಗೆ ಇರುವುದರಿಂದ, ಸೇತುವೆಯ ಬದಿಯಿಂದ ಈಟಿ ಎಸೆದ ಎರಡನೇ ಓಗರ್‌ಗೂ ಅದೇ 20 ಎದುರಾಯಿತು. ನೂರಕ್ಕೆ 60 ಇದ್ದ ಸಾಧ್ಯತೆ 35ಕ್ಕೆ ಇಳಿಯುತ್ತದೆ. ಮುಂದಿನ ಸುತ್ತುಗಳಲ್ಲಿ ಎರಡು ಏಟು ಬಿದ್ದವು, ಹೆಚ್ಚಿನ ಪಾಲು ವಾರ್ಡ್ ನುಂಗಿತು. ವಾರ್ಡ್ ತಗ್ಗಿರುವಾಗ ಹಾಕಿದ ಪ್ರತಿ ಶೀಲ್ಡ್ ಅದಕ್ಕೆ ಎರಡು ಅಂಶ ಮರಳಿಸುತ್ತದೆ ಎನ್ನುವುದನ್ನು ಮರೆಯಬೇಡಿ. ಕಾಳಗ ಮುಗಿದಾಗ ನನ್ನ 32ರಲ್ಲಿ 20ಕ್ಕಿಂತ ಹೆಚ್ಚು ಉಳಿದಿತ್ತು. ಹೆಣದ ಮಾತು ಆಮೇಲೆ ಯಾರೂ ಆಡಲಿಲ್ಲ.

ನೋಟ್‌ಬುಕ್ ಪ್ರಕಾರ ಬಾರ್ಬೇರಿಯನ್ ಕಾಲದಲ್ಲಿ ಒಂದು ಕಾಳಗಕ್ಕೆ ಮೂವತ್ತರ ಹತ್ತಿರ ಕಳೆದುಕೊಳ್ಳುತ್ತಿದ್ದೆ. ವಿಝಾರ್ಡ್ ಕಾಲದಲ್ಲಿ ಅದು ಹನ್ನೆರಡು, ಹದಿನೈದು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಾನ್‌ಸ್ಟಿಟ್ಯೂಷನ್ 16ರ ವಿಝಾರ್ಡ್‌ಗೆ ಐದನೇ ಲೆವೆಲ್‌ನಲ್ಲಿ 37, ಕಾನ್‌ಸ್ಟಿಟ್ಯೂಷನ್ 14ರ ರೋಗ್‌ಗೆ, ಅಂದರೆ ಕಳ್ಳನ ಪಾತ್ರಕ್ಕೆ, 38. ಡಿ6ರಿಂದ ಡಿ8ಕ್ಕೆ ಏರುವುದೂ ಕಾನ್‌ಸ್ಟಿಟ್ಯೂಷನ್ ಎರಡು ಹೆಚ್ಚಿಸುವುದೂ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಹಿಟ್ ಡೈಸ್ (ಕ್ಲಾಸ್‌ನ ಆ ದಾಳ) ನೋಡಿ ಕ್ಲಾಸ್ ಆರಿಸುವುದೇಕೆ? ರೋಗ್‌ನ ನಿಜವಾದ ಬಲ ಐದನೇ ಲೆವೆಲ್‌ನ ಅನ್‌ಕ್ಯಾನಿ ಡಾಡ್ಜ್. ಸುತ್ತಿಗೆ ಒಂದು ಏಟನ್ನು ಅರ್ಧ ಮಾಡುತ್ತದೆ. ಚಂದ್ರನ ಬಳಗದ ಡ್ರೂಯಿಡ್ (ಪ್ರಾಣಿಯ ರೂಪ ತಾಳುವವನು) ಇನ್ನೊಂದು ವಿಚಿತ್ರ. ಎರಡನೇ ಲೆವೆಲ್‌ನಲ್ಲೇ ಕಂದು ಕರಡಿಯಾಗಬಹುದು, ಕರಡಿಗೆ 34, ಎರಡು ಸಲ ಬದಲಾಗಬಹುದು. ತನ್ನ 17 ಸೇರಿದರೆ 85. ಅದೇ ಲೆವೆಲ್‌ನ ಬಾರ್ಬೇರಿಯನ್‌ಗೆ 25. ಆದರೆ ಕರಡಿಯ ಆರ್ಮರ್ ಕ್ಲಾಸ್ 11, ಬಂದ ಏಟೆಲ್ಲ ಮೈಮೇಲೆ. ಐದನೇ ಲೆವೆಲ್ ಹೊತ್ತಿಗೆ ಅದರ ಜೋರು ಇಳಿದುಹೋಯಿತು.

ಅಬ್ಜ್ಯುರೇಷನ್ ಶಾಖೆಯದೇ ಆದ ಅಲಾರಂ ಮಂತ್ರವನ್ನು ರಿಚುವಲ್ ಆಗಿ (ಸಮಯ ತೆಗೆದುಕೊಂಡು) ಹಾಕಿ ವಾರ್ಡ್ ತುಂಬಿಸುವುದು ಬಲ್ಲವರಿಗೆ ಗೊತ್ತೇ ಇದೆ. ಒಂದಕ್ಕೆ 11 ನಿಮಿಷ, ಗಂಟೆಗೆ ಐದು, ಹತ್ತು ಅಂಶ ವಾಪಸ್, ಸ್ಲಾಟ್ (ದಿನಕ್ಕೆ ಇಷ್ಟೇ ಎಂದಿರುವ ಮಂತ್ರದ ಪಾಲು) ಖರ್ಚಿಲ್ಲ. ನಮ್ಮ ಡಿಎಂ ಒಂದು ಷರತ್ತು ಹಾಕಿದರು: ಆ ಗಂಟೆಯನ್ನು ಶಾರ್ಟ್ ರೆಸ್ಟ್ (ಚೇತರಿಕೆಯ ವಿರಾಮ) ಎಂದು ಎಣಿಸುವಂತಿಲ್ಲ. ನ್ಯಾಯವಾದ ಷರತ್ತು. ಇದಲ್ಲದೆ ಫೆಮಿಲಿಯರ್ (ಮಂತ್ರದಿಂದ ಕರೆದ ಸಂಗಾತಿ) ಗೂಬೆಯನ್ನು ಎಲ್ಲಿ ಕೂರಿಸುತ್ತೇನೆ, ಸುತ್ತಿನ ಕೊನೆಗೆ ಯಾವ ಚೌಕದಲ್ಲಿ ನಿಲ್ಲುತ್ತೇನೆ ಎನ್ನುವುದು ಈ ವಿಧಾನದ ಅರ್ಧ ಗುಟ್ಟು. ಮುಂದಿನ ಕ್ಯಾಂಪೇನ್ ಮುಗಿಯುವವರೆಗೆ ಅದನ್ನು ಬಿಟ್ಟುಕೊಡುವುದಿಲ್ಲ.

ಮುಂದಿನದನ್ನು 2024ರ ನಿಯಮಗಳಲ್ಲಿ ಆಡಲಿದ್ದೇವೆ. ಅದರಲ್ಲಿ ವಾರ್ಡ್ ಸಿಗುವುದು ಮೂರನೇ ಲೆವೆಲ್‌ಗೆ. ಸ್ಲಾಟ್ ಖರ್ಚು ಮಾಡಿ ಹಾಕಿದ ಮಂತ್ರದಿಂದ ಮಾತ್ರ ಅದು ತುಂಬುವುದರಿಂದ ಅಲಾರಂ ದಾರಿ ಮುಚ್ಚಿದೆ. ಬದಲಿಗೆ ಬೋನಸ್ ಆಕ್ಷನ್‌ನಲ್ಲಿ (ಸರದಿಯ ಹೆಚ್ಚುವರಿ ಕ್ರಿಯೆ) ನೇರವಾಗಿ ಸ್ಲಾಟ್ ಸುರಿದು ತುಂಬಿಸಬಹುದು. ಆಟವನ್ನು ಮೂರನೇ ಲೆವೆಲ್‌ನಿಂದಲೇ ಶುರು ಮಾಡೋಣ ಎಂದು ಕೇಳಿದೆ. ಡಿಎಂ ಒಪ್ಪಿದರು, ಆದರೆ ಹಿಟ್ ಪಾಯಿಂಟ್‌ಗೆ ಸರಾಸರಿ ತೆಗೆದುಕೊಳ್ಳುವಂತಿಲ್ಲ, ದಾಳ ಹಾಕಿಯೇ ಪಡೆಯಬೇಕು ಎಂದರು. ಸರಿ ಎಂದೆ. ಎರಡು ಸಲವೂ ದಾಳದಲ್ಲಿ 1 ಬಿದ್ದರೆ ಸರಾಸರಿಗಿಂತ ನನಗೆ ಆಗುವ ನಷ್ಟ ಆರು, ವಾರ್ಡ್‌ನಿಂದ ಸಿಗುವುದು ಒಂಬತ್ತು.