ಕ್ಲೌನ್‌ಫಿಶ್ ಮಲಗುವ ಮೂಲೆಯಲ್ಲೇ ಹವಳ ಇಡಿ

ಅನಿಮೋನ್ (ಕ್ಲೌನ್‌ಫಿಶ್ ಸಹಜವಾಗಿ ಮನೆಮಾಡುವ ಮೆತ್ತನೆಯ ಕಡಲಜೀವಿ) ಇಲ್ಲದ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಕ್ಲೌನ್‌ಫಿಶ್ ಜೋಡಿ ಹವಳವನ್ನೇ ಮನೆ ಮಾಡಿಕೊಳ್ಳಬೇಕಾದರೆ, ಲೈಟ್ ಆರಿಸಿ ಒಂದು ಗಂಟೆಯ ಮೇಲೆ ಅವು ಎಲ್ಲಿ ಮಲಗಿವೆ ನೋಡಿ, ಅಣಬೆಯಾಕಾರದ ಮೆತ್ತನೆಯ ಟೋಡ್‌ಸ್ಟೂಲ್ ಲೆದರ್ ಹವಳವನ್ನು ಅಲ್ಲೇ ಕೂರಿಸಿ. ಈ ಮೀನುಗಳು ಸಾಮಾನ್ಯವಾಗಿ ದಿನವೂ ಅದೇ ಮೂಲೆಗೆ ಮರಳುತ್ತವೆ. ಅಲ್ಲಿ ಮೆತ್ತಗೆ ತೂಗಾಡುವುದು ಸಿಕ್ಕರೆ ಮೈಯುಜ್ಜಿ ಪರೀಕ್ಷಿಸುತ್ತವೆ. ಹವಳದ ಟೋಪಿ 10 ಸೆಂ.ಮೀ. ಆದರೂ ಅಗಲವಿರಲಿ, ತಂದ ಮೇಲೆ ಎರಡು ಮೂರು ವಾರ ಬೇರೆಡೆ ಇಟ್ಟು ಪಾಲಿಪ್ (ಹವಳದ ಪುಟ್ಟ ಹೂವಿನಂಥ ಜೀವಿಗಳು) ಪೂರ್ತಿ ಅರಳಿದ ಮೇಲಷ್ಟೇ ಸ್ಥಳ ಬದಲಿಸಿ. ಟಾರ್ಚ್, ಹ್ಯಾಮರ್ ಎಂಬ ಗಟ್ಟಿ ಅಸ್ಥಿಯ ಹವಳಗಳು ನೋಡಲು ಚೆಂದ ನಿಜ, ಆದರೆ ಒಂದೆರಡು ತಲೆಯ (ದೊಡ್ಡ ಪಾಲಿಪ್‌ನ) ತುಂಡನ್ನು ದಯವಿಟ್ಟು ಇದಕ್ಕೆ ಬಳಸಬೇಡಿ: ಉಜ್ಜಾಟಕ್ಕೆ ಮೆತ್ತನೆಯ ಮಾಂಸ ಅದರದೇ ಗಟ್ಟಿ ಅಸ್ಥಿಗೆ ತಾಗಿ ಹರಿಯುತ್ತದೆ, ಗಾಯಕ್ಕೆ ಸೋಂಕು ಹತ್ತಿದರೆ ತಲೆಯೇ ಹೋಗುತ್ತದೆ. ಲೆದರ್‌ಗೆ ಅಂಥ ಅಸ್ಥಿಯಿಲ್ಲ. ಮಲಗುವ ಜಾಗ ಪವರ್‌ಹೆಡ್ಡಿನ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪಿನ) ನೇರ ರಭಸಕ್ಕೆ ಸಿಕ್ಕಿದ್ದರೆ ಹವಳ ಅರಳದು, ಉಪಾಯವೂ ಫಲಿಸದು. ಮೊದಲು ಪಂಪಿನ ಮುಖ ತಿರುಗಿಸಿ. ಕೆಲವು ಜೋಡಿ ಎಷ್ಟು ಕಾದರೂ ಹವಳದತ್ತ ಸುಳಿಯುವುದಿಲ್ಲ. ಅದರಿಂದ ಮೀನಿಗೇನೂ ಕೊರತೆಯಿಲ್ಲ. ಲೆದರ್ ಆಗಾಗ ಮುದುಡಿ ಮೇಣದಂಥ ಪೊರೆ ಕಳಚುತ್ತದೆ, ಒಂದು ವಾರದ ತನಕ ಅದು ಸಹಜ. ಅದಕ್ಕೂ ಮೀರಿ ಮುಚ್ಚಿಕೊಂಡೇ ಇದ್ದರೆ ಉಜ್ಜಾಟ ಅತಿಯಾಗಿದೆ ಎಂದು ಶಂಕಿಸಿ, ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯನ್ನು ಕೆಲವು ದಿನ ಬೋರಲು ಹಾಕಿ ಬಿಡುವು ಕೊಡಿ. ಲೆದರ್ ನೀರಿಗೆ ಬಿಡುವ ರಾಸಾಯನಿಕ ಪಕ್ಕದ ಗಟ್ಟಿ ಹವಳಗಳನ್ನು ಕಾಡುತ್ತದೆ, ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆಯಾದರೂ ಬದಲಿಸಿ.