ಆಟೋಮ್ಯಾಟಿಕ್ ಇಳಿಸಿ ಕ್ಲಚ್ ಹಾಕಿದ ಕಥೆ: ನನ್ನ ವೋಲ್ವೋ 240 ವ್ಯಾಗನ್

ನಮ್ಮೂರಲ್ಲಿ ವೋಲ್ವೋ ಅಂದರೆ ಬಸ್ಸು. ಹಳೇ ವೋಲ್ವೋ ತಗೊಂಡೆ ಅಂತ ಫೋನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಷ್ಟು ದೊಡ್ಡದನ್ನ ಎಲ್ಲಿ ನಿಲ್ಲಿಸ್ತೀಯ?" ನನ್ನದು ಬಸ್ಸಲ್ಲ, 1990ರ ವೋಲ್ವೋ 240 ವ್ಯಾಗನ್. ಆದರೂ ಹಿಂದಿನ ಸೀಟು ಮಡಚಿದರೆ ಹಾಸಿಗೆ ಹಾಸಿ ಮಲಗಬಹುದು. ಇಟ್ಟಿಗೆಯಂಥ ಆಕಾರ. ನಾನಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ. ಇಲ್ಲಿ ಮಳೆ ಜಾಸ್ತಿ, ಆದರೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದು ಕಡಿಮೆ. ಹಾಗಾಗಿ ಮೂವತ್ತು ವರ್ಷ ದಾಟಿದ ಕಾರುಗಳೂ ತುಕ್ಕು ತಿನ್ನದೆ ಓಡಾಡಿಕೊಂಡಿವೆ.

ಇಂಜಿನ್ ಬಗ್ಗೆ ದೂರಿಲ್ಲ. ಬಿ230ಎಫ್, 2.3 ಲೀಟರ್, 114 ಕುದುರೆ. ದುಡಿದು ಗೊತ್ತು, ದಣಿದು ಗೊತ್ತಿಲ್ಲ. ತೊಂದರೆ ಇದ್ದದ್ದು ಅದರ ಹಿಂದೆ ಕೂತ ಎಡಬ್ಲ್ಯೂ70 ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ. ಅದೂ ಗಟ್ಟಿ ಪೆಟ್ಟಿಗೆಯೇ, ಜಪಾನಿನ ಐಸಿನ್ ವಾರ್ನರ್ ಮಾಡಿದ್ದು. ಆದರೆ ಹಿಂದಿನವರು ಅದರ ಎಣ್ಣೆ ಮುಟ್ಟಿದಂತಿರಲಿಲ್ಲ. ಡಿಪ್‌ಸ್ಟಿಕ್ ಎಳೆದರೆ ಡಿಕಾಕ್ಷನ್ ಬಣ್ಣ, ಸೀದ ವಾಸನೆ. ರಿವರ್ಸ್ ಹಾಕಿದರೆ ಮನಸ್ಸಿಲ್ಲದ ಎತ್ತಿನ ಹಾಗೆ ನಿಂತೇ ಇರುತ್ತಿತ್ತು, ಆಮೇಲೆ ಧಡ್ ಅಂತ ಹಿಂದಕ್ಕೆ. ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಸುಮ್ನೆ ಅರಚುತ್ತಿತ್ತು.

ರಿಪೇರಿಗೆ ಕೇಳಿದ ದುಡ್ಡು ನಾನು ಕಾರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ. ನಾನು ಗಾಡಿ ಕಲಿತಿದ್ದು ಸಕಲೇಶಪುರದ ಕಡೆ, ಮಾವನ ಜೀಪಿನಲ್ಲಿ. ಕ್ಲಚ್ ಇಲ್ಲದ ಕಾರು ಓಡಿಸಿದರೆ ಎಡಗಾಲಿಗೆ ಏನೋ ಮರೆತ ಹಾಗಾಗುತ್ತದೆ. ಹಾಕಿದರೆ ಮ್ಯಾನ್ಯುಯಲ್ ಹಾಕೋಣ ಅಂತ ತೀರ್ಮಾನಿಸಿದೆ.

240ರಲ್ಲಿ ಈ ಕೆಲಸಕ್ಕೆ ಮೈ ಕುಯ್ಯಬೇಕಾಗಿಲ್ಲ, ವೆಲ್ಡಿಂಗ್ ಇಲ್ಲ. ಅದೇ ಇಂಜಿನ್ ಜೊತೆ ಕಂಪನಿಯೇ ಎರಡೂ ಬಗೆ ಮಾರಿದೆಯಲ್ಲ. ಆಯ್ಕೆ ಎರಡು. ಎಂ46 ಅಂದರೆ ನಾಲ್ಕು ಗೇರ್, ಜೊತೆಗೆ ಗುಂಡಿ ಒತ್ತಿದರೆ ಬರುವ ಓವರ್‌ಡ್ರೈವ್. ಎಂ47 ಅಂದರೆ ಸಾದಾ ಐದು ಗೇರ್. ಎಂ46 ಗಟ್ಟಿ ಅನ್ನುತ್ತಾರೆ. ಎಂ47ರಲ್ಲಿ ಎಣ್ಣೆ ಇಳಿದರೆ ಮೊದಲು ಹೋಗುವುದು ಐದನೇ ಗೇರ್ ಕಡೆ ಅಂತ ಹೆಸರಿದೆ. ನನ್ನ ಇಂಜಿನ್ನಿಗೆ ಟರ್ಬೋ ಇಲ್ಲ, ಎಣ್ಣೆ ನೋಡಿಕೊಳ್ಳುವ ಅಭ್ಯಾಸ ನನಗಿದೆ. ಎಂ47 ಸಾಕು ಅನ್ನಿಸಿತು.

ಹಳೇ ಕಾರುಗಳ ಅಂಗಳದಲ್ಲಿ 1987ರ ಒಂದು 240 ಸೆಡಾನ್ ಸಿಕ್ಕಿತು, ಕ್ಲಚ್ ಇದ್ದದ್ದು. ಇಂಥ ಅಂಗಳಗಳಲ್ಲಿ ಸ್ಪ್ಯಾನರ್ ಹಿಡಿದು ನೀವೇ ಬಿಚ್ಚಿಕೊಳ್ಳಬೇಕು. ಎರಡು ಶನಿವಾರ ಅದರ ಕೆಳಗೇ ಮಲಗಿದ್ದೆ. ಈ ಕೆಲಸ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಗೇರ್‌ಬಾಕ್ಸ್ ಸಿಕ್ಕಿತು ಅಂತ ಖುಷಿಪಡಬೇಡಿ. ಅದು ಬರೀ ದೊಡ್ಡ ಸಾಮಾನು, ಅಷ್ಟೇ. ಬೆಲ್‌ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ), ಕ್ಲಚ್ ಫೋರ್ಕ್, ಕೇಬಲ್, ಪೆಡಲ್ ಬಾಕ್ಸ್, ಗೇರ್ ಲಿವರ್, ಅದರ ರಬ್ಬರ್ ಬೂಟು, ಕನ್ಸೋಲ್, ಡ್ರೈವ್‌ಶಾಫ್ಟಿನ ಮುಂದಿನ ತುಂಡು, ಕೊನೆಗೆ ಆ ಚಿಲ್ಲರೆ ಬೋಲ್ಟುಗಳು. ಎಲ್ಲ ಒಂದೇ ಕಾರಿನಿಂದ ಬರಬೇಕು. ಶಾಫ್ಟಿನ ಉದ್ದ ಬೇರೆ, ಬೋಲ್ಟಿನ ಉದ್ದ ಬೇರೆ. ಒಂದು ಬಿಟ್ಟು ಬಂದರೆ ಮತ್ತೆ ಒಂದು ಶನಿವಾರ ಹೋಯಿತು ಅಂತಲೇ ಲೆಕ್ಕ.

ಇಷ್ಟು ಹೇಳುವ ನಾನೇ ಒಂದು ವಿಷಯದಲ್ಲಿ ಎಡವಿದೆ. ಫ್ಲೈವೀಲ್. ಅಂದರೆ ಇಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕಿನ ಹಿಂತುದಿಗೆ ಬಿಗಿಯುವ, ಕ್ಲಚ್ ಕೂರುವ ಭಾರದ ಚಕ್ರ.

ಅಮೆರಿಕದ 240ಗಳಿಗೆ 1989ರಿಂದ ಎಲ್‌ಎಚ್ 2.4 ಅನ್ನುವ ಇಂಧನ ವ್ಯವಸ್ಥೆ ಬಂತು. ಇದರಲ್ಲಿ ಇಂಜಿನ್ ಎಷ್ಟು ತಿರುಗಿದೆ ಅಂತ ಓದುವುದು ಬೆಲ್‌ಹೌಸಿಂಗ್ ಮೇಲೆ ಕೂತ ಕ್ರ್ಯಾಂಕ್ ಸೆನ್ಸರ್. ಫ್ಲೈವೀಲಿನ ಅಂಚಿನಲ್ಲಿ ಸುತ್ತಲೂ ತೂತುಗಳಿರುತ್ತವೆ. 60ರ ಜಾಗದಲ್ಲಿ 58, ಎರಡು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ದಾಟಿದಾಗ ಕಂಪ್ಯೂಟರ್ ಪಿಸ್ಟನ್ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. 1987ರ ಕಾರಿನಲ್ಲಿ ಈ ಸೆನ್ಸರ್ ಇರುವುದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ. ಅದರ ಫ್ಲೈವೀಲಿಗೆ ತೂತೇ ಇಲ್ಲ! ಗ್ಯಾರೇಜಿನ ನೆಲದ ಮೇಲೆ ಅದನ್ನೂ ನನ್ನ ಕಾರಿನ ಫ್ಲೆಕ್ಸ್‌ಪ್ಲೇಟನ್ನೂ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲಿನ ಜಾಗದಲ್ಲಿರುವ ತೆಳು ತಟ್ಟೆ) ಪಕ್ಕ ಪಕ್ಕ ಇಟ್ಟಾಗ ಗೊತ್ತಾಯಿತು. ತೂತಿರುವ ಇನ್ನೊಂದಕ್ಕೆ ಮೂರು ವಾರ ಕಾದೆ.

ಆಟೋಮ್ಯಾಟಿಕ್ ಇಳಿಸಿದ್ದು ಬೆನ್ನು ಮುರಿಯುವ ಕೆಲಸ, ಆದರೆ ತಲೆ ಕೆಡಿಸುವ ಕೆಲಸವಲ್ಲ. ಮೇಲಿನ ಎರಡು ಬೋಲ್ಟುಗಳಿಗೆ ಕೈ ಹೋಗುವುದಿಲ್ಲ. ಪೆಟ್ಟಿಗೆಯ ಬಾಲ ಕೆಳಗಿಳಿಸಿ, ಮೂರು ಎಕ್ಸ್‌ಟೆನ್ಶನ್ ಜೋಡಿಸಿ, ಬಾಲದ ಕಡೆಯಿಂದ ತಿರುಗಿಸಬೇಕು. ಎಣ್ಣೆ ತಣಿಸುವ ಪೈಪುಗಳನ್ನು ತೆಗೆದು ರೇಡಿಯೇಟರಿಗೆ ಬಿರಡೆ ಹಾಕಿದೆ. ಹೇಗೂ ಬಿಚ್ಚಿದ್ದೇನೆ ಅಂತ ಇಂಜಿನ್ ಹಿಂದಿನ ಸೀಲನ್ನೂ ಬದಲಿಸಿದೆ. ಆಟೋಮ್ಯಾಟಿಕ್ ಕಾರಿನ ಕ್ರ್ಯಾಂಕ್ ತುದಿಯಲ್ಲಿ ಪೈಲಟ್ ಬೇರಿಂಗ್ ಇರುವುದಿಲ್ಲ, ಜಾಗ ಮಾತ್ರ ಇರುತ್ತದೆ. ಅಂಗೈಲಿ ಅಡಗುವ ಸಾಮಾನು. ಅದನ್ನು ಮರೆತರೆ ಗೇರ್‌ಬಾಕ್ಸಿನ ಶಾಫ್ಟ್ ಮುಂದಿನ ತುದಿಯಲ್ಲಿ ಆಸರೆಯಿಲ್ಲದೆ ನೇತಾಡುತ್ತದೆ.

ಪೆಡಲ್ ಬಾಕ್ಸಿಗೆ ಒಂದು ಇಡೀ ಭಾನುವಾರ. ಡ್ರೈವರ್ ಸೀಟು ಕಿತ್ತುಹಾಕಿ, ತಲೆ ಬ್ರೇಕ್ ಹತ್ತಿರ, ಕಾಲು ಹಿಂದಿನ ಸೀಟಿನ ಮೇಲೆ. ಡ್ಯಾಶ್‌ಬೋರ್ಡ್ ಕೆಳಗಿನ ಮೂವತ್ತು ವರ್ಷದ ಧೂಳು ನೇರ ಕಣ್ಣಿಗೆ. ಹೆಂಡತಿ ಕಾಫಿ ತಂದವಳು ಎಲ್ಲಿ ಕೊಡುವುದು ಅಂತ ಗೊತ್ತಾಗದೆ ಮಡ್‌ಗಾರ್ಡ್ ಮೇಲಿಟ್ಟು ಹೋದಳು.

ಎಲ್ಲ ಕೂಡಿಸಿ ಕೀ ತಿರುಗಿಸಿದೆ. ಇಂಜಿನ್ ತಿರುಗಿತು, ಹಿಡಿಯಲಿಲ್ಲ. ಮತ್ತೆ ತಿರುಗಿಸಿದರೆ ಇನ್‌ಟೇಕ್ ಕಡೆಯಿಂದ ಡಬ್ ಅಂತ ಒಂದು ಕೆಮ್ಮು. ಪೆಟ್ರೋಲ್ ಇದೆ, ಕಿಡಿ ಇದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹೊಳೆಯಿತು. ಹಳೇ ಫ್ಲೆಕ್ಸ್‌ಪ್ಲೇಟ್ ತೆಗೆಯುವ ಮುಂಚೆ ಕ್ರ್ಯಾಂಕ್ ಅಂಚಿಗೆ ಪಂಚ್‌ನಿಂದ ಒಂದು ಚುಕ್ಕೆ ಹೊಡೆದಿದ್ದೆ, ಅದಕ್ಕೆ ನೇರವಾಗಿ ಪ್ಲೇಟಿನ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿದ್ದೆ. ತುಂಬಾ ಜಾಣ ಅಂದುಕೊಂಡಿದ್ದೆ. ಆಮೇಲೆ ಗ್ರೀಸ್ ಹೋಗಲಿ ಅಂತ ಪ್ಲೇಟಿಗೆ ಬ್ರೇಕ್ ಕ್ಲೀನರ್ ಹೊಡೆದೆ. ಗ್ರೀಸ್ ಜೊತೆ ಗೆರೆಯೂ ಹೋಯಿತು. ಎಂಟು ಬೋಲ್ಟು, ಎಲ್ಲ ಸಮ ದೂರದಲ್ಲಿ. ಫ್ಲೈವೀಲ್ ಹೇಗೆ ಕೂರಿಸಿದರೂ ಕೂರುತ್ತದೆ. ನಾನು ಹಾಗೇ ಕೂರಿಸಿದ್ದೆ. ಒಂದು ಬೋಲ್ಟು ಆಚೀಚೆ ಆದರೆ 45 ಡಿಗ್ರಿ ತಪ್ಪು. ಕಂಪ್ಯೂಟರ್ ಪಾಪ ನಂಬಿಕೊಂಡು ತಪ್ಪು ಹೊತ್ತಿಗೆ ಕಿಡಿ ಕೊಡುತ್ತಿತ್ತು.

ಉಳಿಸಿದ್ದು ಫೋನು. ಸೀಲಿನ ಸೋರಿಕೆ ತೋರಿಸಲು ಗೆಳೆಯನಿಗೆ ಒಂದು ಫೋಟೋ ಕಳಿಸಿದ್ದೆ. ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ನನ್ನ ಚುಕ್ಕೆ ಇದೆ, ಪ್ಲೇಟಿನ ಅಂಚಿನಲ್ಲಿ ತೂತಿಲ್ಲದ ಆ ಜಾಗವೂ ಇದೆ. ಚುಕ್ಕೆಯಿಂದ ಆ ಜಾಗಕ್ಕೆ ಎಷ್ಟು ಬೋಲ್ಟು ದೂರ ಅಂತ ಎಣಿಸಿದೆ. ಗೇರ್‌ಬಾಕ್ಸ್ ಮತ್ತೆ ಇಳಿಸಿ, ಕ್ಲಚ್ ಬಿಚ್ಚಿ, ಫ್ಲೈವೀಲ್ ಮೂರು ಬೋಲ್ಟು ತಿರುಗಿಸಿ, ಮತ್ತೆ ಏರಿಸಿದೆ. ಮೊದಲ ಸಲ ಎರಡು ದಿನ ಹಿಡಿದ ಕೆಲಸ ಎರಡನೇ ಸಲ ಆರು ಗಂಟೆ. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಹಿಡಿಯಿತು.

ವೈರಿಂಗ್ ಸುಲಭ. ಆಟೋಮ್ಯಾಟಿಕ್ ಲಿವರ್ ಪಕ್ಕದ ಸ್ವಿಚ್ಚಿಗೆ ಬರುವ ಸ್ಟಾರ್ಟರಿನ ಎರಡು ವೈರನ್ನು ಒಂದಕ್ಕೊಂದು ಸೇರಿಸಬೇಕು. ರಿವರ್ಸ್ ದೀಪದ ಎರಡನ್ನು ಹೊಸ ಗೇರ್‌ಬಾಕ್ಸಿನ ಸ್ವಿಚ್ಚಿಗೆ ಎಳೆಯಬೇಕು. ಸ್ಪೀಡೋಮೀಟರ್ ಮುಟ್ಟಬೇಕಿಲ್ಲ, ಅದು ಹಿಂದಿನ ಆಕ್ಸಲಿನಿಂದ ಓದುತ್ತದೆ. ಆದರೆ ಒಂದು ಮಾತು. ಆ ಎರಡು ವೈರ್ ಸೇರಿಸಿದ ಮೇಲೆ ಗೇರಿನಲ್ಲಿದ್ದರೂ ಸ್ಟಾರ್ಟರ್ ತಿರುಗುತ್ತದೆ. ಮೂರನೇ ದಿನ ನಾನು ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ, ಕಾರು ಮೊದಲನೇ ಗೇರಿನಲ್ಲಿತ್ತು. ಮುಂದಕ್ಕೆ ನೆಗೆದು ಸೋನಾ ಮಸೂರಿ ಮೂಟೆಗೆ ಗುದ್ದಿ ನಿಂತಿತು. ಮೂಟೆ ಇರದಿದ್ದರೆ ವಾಟರ್ ಹೀಟರ್ ಹೋಗುತ್ತಿತ್ತು.

ಓಡಿಸಲು ಹೇಗಿದೆ? ಅದೇ ಇಂಜಿನ್ನಾ ಅನ್ನಿಸುತ್ತದೆ. ಊರೊಳಗೆ ಎರಡನೇ ಗೇರಿನಲ್ಲಿ ಎಳೆಯುವ ರೀತಿಯೇ ಬೇರೆ. ಹೆದ್ದಾರಿಯಲ್ಲಿ ಮಾತ್ರ ಸ್ವಲ್ಪ ನಿರಾಸೆ. ಹಳೇ ಆಟೋಮ್ಯಾಟಿಕ್ಕಿನ ನಾಲ್ಕನೇ ಗೇರ್ ಎಂ47ರ ಐದನೆಯದಕ್ಕಿಂತ ಉದ್ದ, ಅಂದರೆ ಅದೇ ವೇಗಕ್ಕೆ ಇಂಜಿನ್ ಕಡಿಮೆ ತಿರುಗಿದರೆ ಸಾಕು. ಹಿಂದಿನ ಆಕ್ಸಲ್ (ಅದರೊಳಗೂ ಗೇರ್ ಅನುಪಾತವಿದೆ) ನಾನು ಬದಲಿಸಿಲ್ಲ. ಹಾಗಾಗಿ 65 ಮೈಲಿ ವೇಗದಲ್ಲಿ ಇಂಜಿನ್ ಮೊದಲಿಗಿಂತ ನಿಮಿಷಕ್ಕೆ ಸುಮಾರು 300–400 ಸುತ್ತು ಜಾಸ್ತಿ ತಿರುಗುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ಮೊದಲು ಆಕ್ಸಲ್ ಯಾವುದು ಅಂತ ಕೇಳಿ.

ಇನ್ನೊಂದು ನಾನು ಯೋಚಿಸಿಯೇ ಇರಲಿಲ್ಲ. ಜೀಪಿನಲ್ಲಿ ಗೇರ್ ಹಾಕಿದ್ದು ಎಡಗೈಯಲ್ಲಿ. ಇಲ್ಲಿ ಬಲಗೈ. ಕಾಲಿಗೆ ಎಲ್ಲ ನೆನಪಿತ್ತು, ಕೈಗೆ ಏನೂ ಗೊತ್ತಿರಲಿಲ್ಲ. ಮೊದಲ ವಾರ ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿದ ಕೂಡಲೇ ಎಡಗೈ ತಾನಾಗಿ ಕೆಳಗೆ ಹೋಗಿ ಕಿಟಕಿಯ ಹಿಡಿಕೆ ಹುಡುಕುತ್ತಿತ್ತು. ಈಗಲೂ ಆತುರದಲ್ಲಿದ್ದರೆ ಒಮ್ಮೊಮ್ಮೆ ಬಾಗಿಲಿಗೇ ಗೇರ್ ಹಾಕಲು ಹೋಗುತ್ತೇನೆ.